ಗೋಪುರದ ತುತ್ತೂರಿ, ಸಮಾಧಿಯ ಬೇಲಿ



ದೇವಾಲಯದಲ್ಲಿ ಹಿತ್ತಾಳೆ ವಾದ್ಯ ಬರೀ ಆಡಂಬರ, ಬಡವರ ಸಭೆಗೆ ಅದು ಸಲ್ಲದು ಎನ್ನುವವರಿದ್ದಾರೆ. ಮೊರೇವಿಯನ್ ಸಭೆಯ ಟ್ರೊಂಬೋನ್ ಮೇಳ ಎಷ್ಟು ಇಂಪೆಂದು ಹೊಗಳಿ ಸುಮ್ಮನಾಗುವವರೂ ಇದ್ದಾರೆ. ಇಬ್ಬರ ಮಾತನ್ನೂ ನಾವು ಒಪ್ಪುವುದಿಲ್ಲ.

ಈ ಮೇಳವನ್ನು ಹುಟ್ಟಿಸಿದವರು ಅರಮನೆಯವರಲ್ಲ. ವಿಶ್ವಾಸಕ್ಕಾಗಿ ಮೊರೇವಿಯವನ್ನು ಬಿಟ್ಟು ಓಡಿಬಂದವರು 1722ರಲ್ಲಿ ಜರ್ಮನಿಯ ಜಿನ್‌ಸೆಂಡಾರ್ಫ್ ಪ್ರಭುವಿನ ಜಮೀನಿನಲ್ಲಿ ಹೆರ್ನ್‌ಹೂಟ್ ಎಂಬ ಊರು ಕಟ್ಟಿದರು. ಅಲ್ಲಿ ಮೊದಲ ಮರ ಕಡಿದವನು ಕ್ರಿಶ್ಚಿಯನ್ ಡೇವಿಡ್ ಎಂಬ ಬಡಗಿ. 1730ರ ದಶಕದಲ್ಲಿ ಅಲ್ಲಿ ಟ್ರೊಂಬೋನ್ ಮೊಳಗಿತು. 1754ರಲ್ಲಿ ಅದು ಅಮೆರಿಕದ ಬೆತ್ಲೆಹೇಮ್ ಊರಿಗೆ ಬಂತು. ಅಂದಿನ ತುತ್ತೂರಿಗೆ ಎಲ್ಲಾ ಸ್ವರ ಬರುತ್ತಿರಲಿಲ್ಲ; ಕೊಳವೆಯನ್ನು ಹಿಂದೆಮುಂದೆ ಎಳೆಯುವ ಟ್ರೊಂಬೋನಿಗೆ ಬರುತ್ತಿತ್ತು. ಆದುದರಿಂದ ನಾಲ್ಕು ಧ್ವನಿಯ ಕೀರ್ತನೆಯನ್ನು ಬಯಲಲ್ಲಿಯೂ ನುಡಿಸಬಹುದಾಯಿತು.

ಸಭೆಯಲ್ಲಿ ಯಾರಾದರೂ ತೀರಿಕೊಂಡರೆ ಮೇಳದವರು ಎತ್ತರದಲ್ಲಿ ನಿಂತು ಊದುತ್ತಿದ್ದರು. ಮೊದಲನೆಯ ರಾಗ ಮರಣವನ್ನು ಸಾರುವುದು. ಎರಡನೆಯದು, ಹೋದವರು ಮದುವೆಯಾದ ಗಂಡಸೋ, ವಿಧವೆಯೋ, ಕನ್ಯೆಯೋ, ಮಗುವೋ ಎಂದು ತಿಳಿಸುವುದು. ಬಳಿಕ ಮೊದಲಿನ ರಾಗವೇ ಮತ್ತೊಮ್ಮೆ. ಸಿರಿವಂತನೋ ಕೂಲಿಯೋ ಎಂದು ಹೇಳುವ ರಾಗ ಅವರಲ್ಲಿರಲಿಲ್ಲ! ಸಮಾಧಿಯ ಮೇಲೆ ಎಲ್ಲರಿಗೂ ಮಲಗಿಸಿದ ಚಪ್ಪಟೆ ಕಲ್ಲು. ಪುನರುತ್ಥಾನದ ಹಬ್ಬದ ನಸುಕಿನಲ್ಲಿ ಊರನ್ನು ಎಬ್ಬಿಸುವುದೂ ಅದೇ ತುತ್ತೂರಿ. ಇದು ಆಡಂಬರವೇ?

ಆದರೆ ಹೊಗಳುವವರೇ, ಪೂರ್ತಿ ಕೇಳಿರಿ. ಅಮೆರಿಕದ ಸೇಲಂ (ನಮ್ಮ ತಮಿಳುನಾಡಿನ ಸೇಲಂ ಅಲ್ಲ) ಊರಿನ ಅದೇ ಸಭೆ ಕರಿಯ ಜನರನ್ನು ಗುಲಾಮರಾಗಿ ಇಟ್ಟುಕೊಂಡಿತ್ತು. ಮೊದಮೊದಲು ಕರಿಯ ವಿಶ್ವಾಸಿಗಳೂ ಬಿಳಿಯರ ಜೊತೆಗೇ ಹೂಳಲ್ಪಟ್ಟರು. 19ನೇ ಶತಮಾನದ ಆರಂಭದಲ್ಲಿ ಅವರ ಸಮಾಧಿಗಳನ್ನು ಬೇರೆ ಮಾಡಿದರು. 1822ರಲ್ಲಿ ಅವರ ಸಭೆಯನ್ನೇ ಬೇರೆ ಮಾಡಿದರು. ತುತ್ತೂರಿ ಇಂಪಾಗಿಯೇ ಇತ್ತು, ಸಮಾಧಿಯ ನಡುವೆ ಬೇಲಿ ಬಂದಿತ್ತು. ಆ ಪಾಪಕ್ಕೆ ಸಭೆ ಕ್ಷಮೆ ಕೇಳಿದ್ದು 2006ರಲ್ಲಿ.

ಇತ್ತ ದಕ್ಷಿಣ ಆಫ್ರಿಕದ ಮೊರೇವಿಯನ್ ಸಭೆಗಳಲ್ಲಿ ಕರಿಯ ಜನರು ಹಿತ್ತಾಳೆ ವಾದ್ಯವನ್ನು ತಮ್ಮದಾಗಿಯೇ ಮಾಡಿಕೊಂಡು ಇಂದಿಗೂ ಊದುತ್ತಾರೆ. ಬಡವರಿಗೆ ಸಲ್ಲದ ವಾದ್ಯವಾಗಿದ್ದರೆ ಅದು ಅವರ ಕೈಯಲ್ಲಿ ಉಳಿಯುತ್ತಿತ್ತೇ?

ಆದುದರಿಂದ ನಾವು ಹೇಳುವುದಿಷ್ಟೇ: ಸಭೆಯ ಸಂಗೀತವನ್ನು ಗೋಪುರದ ಕೆಳಗೆ ನಿಂತು ಅಳೆಯಬೇಡಿರಿ, ಸಮಾಧಿಯ ಬಳಿ ನಿಂತು ಅಳೆಯಿರಿ. ದೊರೆಗೆ ನುಡಿದ ರಾಗ ಕೂಲಿಗೂ ನುಡಿದರೆ ಅದು ಆರಾಧನೆ. ಇಲ್ಲವಾದರೆ ಅದು ಬರೀ ಹಿತ್ತಾಳೆಯ ಸದ್ದು.