ಹೃದಯದ ಯಂತ್ರವೂ ಮನಸ್ಸಿನ ಅಳತೆಯೂ

ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ವಿದ್ಯಾರ್ಥಿಯೊಬ್ಬನು ತನ್ನ ನಾಡಿಯನ್ನು ಎಣಿಸಿ ನೋಡಿದರೆ, ನಿಮಿಷಕ್ಕೆ 72 ಇದ್ದುದು 100ನ್ನು ಮುಟ್ಟಿರುವುದು ಅಸಂಭವವಲ್ಲ. ನಾಲಗೆ ಮುಚ್ಚಿಟ್ಟ ತಳಮಳವನ್ನು ನಾಡಿಯು ಬಯಲುಮಾಡುತ್ತದೆ. ಆದರೆ ನಾಡಿಯೇ ಯಂತ್ರದ ಅಧೀನವಾಗಿರುವ ಮನುಷ್ಯನಲ್ಲಿ ಈ ತಳಮಳವನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ವೈದ್ಯಶಾಸ್ತ್ರವು ಕೊಡಬೇಕಾದಷ್ಟು ಗಮನವನ್ನು ಕೊಟ್ಟಿಲ್ಲವೆಂದು ನಮ್ಮ ಅಭಿಪ್ರಾಯ.

ದೇಹದೊಳಗೆ ಹುದುಗಿಸುವ ಮೊದಲನೆಯ ಪೇಸ್‌ಮೇಕರನ್ನು 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನಲ್ಲಿ ಶಸ್ತ್ರವೈದ್ಯ ಓಕೆ ಸೆನಿಂಗ್ ಅಳವಡಿಸಿದರು. ಅದನ್ನು ರಚಿಸಿದವರು ರೂನೆ ಎಲ್ಮ್‌ಕ್ವಿಸ್ಟ್. ಆ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆದರೂ ಅದನ್ನು ಧರಿಸಿದ ಆರ್ನೆ ಲಾರ್ಸನ್, ಒಂದರ ಬಳಿಕ ಒಂದರಂತೆ 20ಕ್ಕೂ ಹೆಚ್ಚು ಯಂತ್ರಗಳನ್ನು ಬದಲಾಯಿಸಿಕೊಂಡು 2001ರವರೆಗೆ ಬದುಕಿದ್ದರು. ಪೇಸ್‌ಮೇಕರ್ ಸೌಮ್ಯವಾದ ಯಂತ್ರ. ನಿಧಾನವಾದ ಹೃದಯವನ್ನು ಮೆಲ್ಲನೆ ಎಚ್ಚರಿಸುತ್ತದೆ. 1980ರ ಫೆಬ್ರವರಿಯಲ್ಲಿ ಬಾಲ್ಟಿಮೋರಿನಲ್ಲಿ ಮೊದಲ ಬಾರಿಗೆ ಮನುಷ್ಯನಿಗೆ ಅಳವಡಿಸಲಾದ, ಮಿಷೆಲ್ ಮಿರೊವ್‌ಸ್ಕಿ ಮತ್ತು ಅವರ ಸಂಗಡಿಗರು ರೂಪಿಸಿದ ಡಿಫಿಬ್ರಿಲೇಟರ್‌ನ ಸ್ವಭಾವವೇ ಬೇರೆ. ಹೃದಯದ ಬಡಿತ ಪ್ರಾಣಾಂತಕವಾಗಿ ಅಂಕೆಗೆಟ್ಟಾಗ ಅದು ಒಮ್ಮೆಗೇ ಪ್ರಬಲವಾದ ವಿದ್ಯುದಾಘಾತವನ್ನು ಕೊಡುತ್ತದೆ. ರೋಗಿ ಎಚ್ಚರದಲ್ಲಿದ್ದರೆ ಎದೆಗೆ ಕುದುರೆ ಒದ್ದಂತಾಗುತ್ತದೆಂದು ಅನುಭವಸ್ಥರು ಹೇಳುತ್ತಾರೆ. ಆಘಾತ ಯಾವಾಗ ಬರುವುದೆಂದು ಯಾರೂ ಹೇಳಲಾರರು. ಕೆಲವು ವೇಳೆ ಯಂತ್ರವು ತಪ್ಪು ತಿಳಿದು ಅಕಾರಣವಾಗಿಯೂ ಹೊಡೆಯುವುದುಂಟು.

ಇಂಥ ರಕ್ಷಕನನ್ನು ಎದೆಯಲ್ಲಿಟ್ಟುಕೊಂಡವನ ಮನಃಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಮೆಟ್ಟಿಲು ಹತ್ತುವಾಗ ಆಘಾತ ಬಂದಿದ್ದರೆ ಮೆಟ್ಟಿಲನ್ನೇ ಬಿಡುತ್ತಾನೆ. ಸ್ನಾನಗೃಹದಲ್ಲಿ ಬಂದಿದ್ದರೆ ಬಾಗಿಲ ಅಗಣಿ ಹಾಕಲು ಅಂಜುತ್ತಾನೆ. ಯಂತ್ರ ಸುಮ್ಮನಿದ್ದರೂ ಆಘಾತವಾಯಿತೆಂದು ನಡುರಾತ್ರಿಯಲ್ಲಿ ಬೆಚ್ಚಿ ಏಳುವವರೂ ಇದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು, ಈ ಯಂತ್ರ ಧರಿಸಿದ ಸುಮಾರು ಐವರಲ್ಲಿ ಒಬ್ಬರಿಗೆ ಚಿಕಿತ್ಸೆಗೆ ಅರ್ಹವಾದಷ್ಟು ಆತಂಕವೋ ಖಿನ್ನತೆಯೋ ಇರುವುದೆಂದು ಕಂಡಿದ್ದಾರೆ.

ಇದು ಕೇವಲ ನೆಮ್ಮದಿಯ ಮಾತಲ್ಲ. ಈ ಯಂತ್ರವು ಹೃದಯದ ವಿಪ್ಲವಗಳನ್ನು ಕಾಲಸಹಿತ ಬರೆದಿಟ್ಟುಕೊಳ್ಳುತ್ತದೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಮೇಲೆ ದಾಳಿಯಾದ ಬಳಿಕ, ಆ ಪ್ರದೇಶದ ರೋಗಿಗಳ ಯಂತ್ರಗಳ ದಾಖಲೆಯನ್ನು ವೈದ್ಯರು ಪರಿಶೀಲಿಸಿದರು. ಮುಂದಿನ 30 ದಿನಗಳಲ್ಲಿ ಅಪಾಯಕರವಾದ ಬಡಿತಗಳು ಹಿಂದಿನದಕ್ಕಿಂತ ಇಮ್ಮಡಿಗೂ ಮೀರಿದ್ದವು. ಭಯವು ಬಡಿತವನ್ನು ಕೆಡಿಸುತ್ತದೆ, ಕೆಟ್ಟ ಬಡಿತ ಆಘಾತವನ್ನು ಕರೆಯುತ್ತದೆ, ಆಘಾತ ಮತ್ತೆ ಭಯವನ್ನು ಬೆಳೆಸುತ್ತದೆ.

ಹಾಗಾದರೆ ಅಳೆಯೋಣವೆಂದರೆ ಸಾಧನವೆಲ್ಲಿ? ನಾಡಿಯನ್ನು ನಂಬುವಂತಿಲ್ಲ. ಪೇಸ್‌ಮೇಕರನ್ನೇ ಪೂರ್ಣವಾಗಿ ಅವಲಂಬಿಸಿದವನಲ್ಲಿ ಬಡಿತದ ವೇಗವು ಬಹುಮಟ್ಟಿಗೆ ಮೈಯ ಚಲನೆಯನ್ನು ಅನುಸರಿಸುತ್ತದೆ. ಕುರ್ಚಿಯಲ್ಲಿ ಕುಳಿತು ಕೊರಗುವವನ ಕೊರಗು ಯಂತ್ರಕ್ಕೆ ತಿಳಿಯದು. ಡಿಫಿಬ್ರಿಲೇಟರ್ ಧರಿಸಿದವರಲ್ಲಿ ಅನೇಕರು ನಾಡಿಯನ್ನು ತಗ್ಗಿಸುವ ಬೀಟಾ ಬ್ಲಾಕರ್ ಔಷಧಗಳನ್ನು ಸೇವಿಸುತ್ತಿರುತ್ತಾರೆ. ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಅಳೆಯಬಹುದು. ಆದರೆ ಅದು ಮುಂಜಾನೆ ಏರಿ ರಾತ್ರಿ ಇಳಿಯುವ ವಸ್ತು, ಮೇಲಾಗಿ ಭಯವು ಯಾವುದರ ಕುರಿತು ಎಂಬುದನ್ನು ಅದು ಹೇಳದು.

ಉಳಿದಿರುವುದು ಕೇಳುವ ಮಾರ್ಗ. ಕೇಳುವುದೂ ಒಂದು ಅಳತೆಯೇ, ಅದನ್ನು ಶಾಸ್ತ್ರೀಯವಾಗಿ ಮಾಡಿದರೆ. ಆಸ್ಪತ್ರೆಗಳಿಗೆಂದು ಜಿಗ್ಮಂಡ್ ಮತ್ತು ಸ್ನೈತ್ 1983ರಲ್ಲಿ 14 ಪ್ರಶ್ನೆಗಳ ಮಾಪಕವೊಂದನ್ನು ರಚಿಸಿದರು. ದೇಹದ ಕಾಯಿಲೆಯಿಂದಲೂ ಬರಬಹುದಾದ ತಲೆಸುತ್ತು, ಆಯಾಸಗಳನ್ನು ಅವರು ಬೇಕೆಂದೇ ಕೈಬಿಟ್ಟರು. 2006ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಆಘಾತಭಯವನ್ನೇ ಗುರಿಯಾಗಿಸಿದ 10 ಪ್ರಶ್ನೆಗಳ ಮಾಪಕ ಸಿದ್ಧವಾಯಿತು: ವ್ಯಾಯಾಮಕ್ಕೆ ಹೆದರುವಿರಾ, ಒಂಟಿಯಾಗಿರುವಾಗ ಆಘಾತ ಬಂದೀತೆಂಬ ಅಂಜಿಕೆಯುಂಟೇ, ಯಂತ್ರ ಹೊಡೆದೀತೆಂದು ಕೋಪವನ್ನು ತಡೆದುಕೊಳ್ಳುವಿರಾ—ಈ ಬಗೆಯವು. ಸಾಮಾನ್ಯ ಮಾಪಕಕ್ಕಿಂತ ಇಂಥದೇ ಮೇಲೆಂದು ನಾವು ತಿಳಿಯುತ್ತೇವೆ. ಏಕೆಂದರೆ ಉತ್ತರದಲ್ಲಿಯೇ ಚಿಕಿತ್ಸೆಯ ಸುಳಿವಿದೆ. ವ್ಯಾಯಾಮಕ್ಕೆ ಅಂಜುವವನನ್ನು ವೈದ್ಯರ ಕಣ್ಣೆದುರಿನಲ್ಲಿ ನಡೆಸಿ ಧೈರ್ಯ ತುಂಬಬಹುದು.

ಆದರೆ ಇವನ್ನು ಕನ್ನಡಕ್ಕೆ ತರುವವರು ಎಚ್ಚರದಿಂದಿರಬೇಕು. ನಮ್ಮ ನುಡಿಯಲ್ಲಿ ಧೈರ್ಯವೂ ಭಯವೂ ವಾಸಿಸುವುದೇ ಎದೆಯಲ್ಲಿ. ಎದೆಗಾರಿಕೆ, ಎದೆಗುಂದುವುದು, ಎದೆ ಝಲ್ಲೆನ್ನುವುದು—ಹೃದ್ರೋಗಿಯೊಬ್ಬನು “ಎದೆ ಝಲ್ಲೆಂದಿತು” ಎಂದರೆ ಅದು ಅಂಜಿಕೆಯೋ, ತಪ್ಪಿದ ಬಡಿತವೋ, ಯಂತ್ರದ ಆಘಾತವೋ? ಪದಕ್ಕೆ ಪದವಿಟ್ಟು ಅನುವಾದಿಸಿದರೆ ರೋಗವನ್ನೇ ಮನೋರೋಗವೆಂದು ಎಣಿಸಿದಂತಾದೀತು.

ಯಂತ್ರದ ತಪಾಸಣೆಗೆಂದು ರೋಗಿಯು ನಿಯತವಾಗಿ ಆಸ್ಪತ್ರೆಗೆ ಬರುತ್ತಾನೆ. ಬ್ಯಾಟರಿಯ ಶಕ್ತಿ, ತಂತಿಯ ವಿದ್ಯುತ್ ರೋಧ ಎಲ್ಲವನ್ನೂ ಅಂಕಿಗಳಲ್ಲಿ ಬರೆದುಕೊಳ್ಳುತ್ತಾರೆ. “ಹೇಗಿದ್ದೀರಿ?” ಎಂಬ ಪ್ರಶ್ನೆಗೆ ಮಾತ್ರ, ಮಗನು ಪಕ್ಕದಲ್ಲಿ ನಿಂತಿರಲು, “ಪರವಾಗಿಲ್ಲ, ಡಾಕ್ಟ್ರೇ” ಎಂಬ ಉತ್ತರವೇ ಸಾಕಾಗುತ್ತದೆ. ಆ ಹತ್ತು ಪ್ರಶ್ನೆಗಳನ್ನೂ ಅದೇ ದಿನ, ಅದೇ ಕಡತದಲ್ಲಿ ದಾಖಲಿಸಬೇಕೆಂಬುದು ನಮ್ಮ ವಾದ. ವೈದ್ಯರಿಗೆ ಬಿಡುವಿಲ್ಲವೆನ್ನುವುದು ನಿಜ. ದಾದಿಯೊಬ್ಬಳು ಕೆಲವೇ ನಿಮಿಷಗಳಲ್ಲಿ ಕೇಳಬಹುದು. ಕೇಳಿದರೆ ಇಲ್ಲದ ಭಯ ಹುಟ್ಟೀತೆಂಬ ಆಕ್ಷೇಪವನ್ನು ನಾವು ಒಪ್ಪೆವು. ಆಘಾತವನ್ನು ಒಮ್ಮೆ ಉಂಡವನಿಗೆ ಭಯವನ್ನು ಯಾರೂ ಕಲಿಸಬೇಕಾಗಿಲ್ಲ. ಅಂಕಿ ಹೆಚ್ಚಿದವರಿಗೆ ಸಮಾಧಾನ ಹೇಳಬಲ್ಲ ತಜ್ಞರೊಬ್ಬರು ಅದೇ ಆಸ್ಪತ್ರೆಯಲ್ಲಿರಬೇಕು. ಇಲ್ಲದಿದ್ದರೆ ಅಳೆದು ಕೈಬಿಟ್ಟಂತಾಗುತ್ತದೆ. ಸಾಧ್ಯವಾದರೆ ರೋಗಿಯ ಪತ್ನಿಯನ್ನೂ ಬೇರೆಯಾಗಿ ಕೂರಿಸಿ ಕೇಳುವುದೊಳ್ಳೆಯದು. ಗಂಡ ನಿದ್ರಿಸಿದ ಮೇಲೂ ಅವನ ಉಸಿರಾಟಕ್ಕೆ ಕಿವಿಗೊಟ್ಟು ಎಚ್ಚರವಾಗಿರುವವಳು ಅವಳು.