ಲೋಹ ಅಯಾನು ಸಂವೇದಕ: ಪ್ರಕಟಣೆಗೆ ಮುನ್ನ ಮರುಪ್ರಯೋಗ ಕಡ್ಡಾಯವಾಗಬೇಕೇ?

ಲೋಹದ ಅಯಾನು ಬಂದು ಕೂಡಿದೊಡನೆ ಬಣ್ಣ ಬದಲಿಸುವ ಇಲ್ಲವೇ ಹೊಳೆಯತೊಡಗುವ ಅಣುವನ್ನು ರಾಸಾಯನಿಕ ಸಂವೇದಕ ಎನ್ನುತ್ತಾರೆ. ನೀರಿನಲ್ಲಿರುವ ಸೀಸ, ಪಾದರಸ, ತಾಮ್ರವನ್ನು ಅಗ್ಗವಾಗಿ ಪತ್ತೆಹಚ್ಚುವುದು ಇದರ ಉದ್ದೇಶ. ಇಂಥ ಅಣುಗಳ ಬಗ್ಗೆ ಪ್ರಬಂಧಗಳು ರಾಶಿರಾಶಿಯಾಗಿ ಬಂದಿವೆ. ಬಳಕೆಯಲ್ಲಿ ನಿಂತವು ಕೆಲವೇ. ಒಂದೆಡೆ ಸಿಕ್ಕ ಫಲಿತಾಂಶ ಮತ್ತೊಂದೆಡೆ ಸಿಗದಿರುವುದು ಅದಕ್ಕೊಂದು ಕಾರಣ. ಹಾಗಾದರೆ ಅಚ್ಚಿಗೆ ಮುನ್ನ ಇನ್ನೊಂದು ಪ್ರಯೋಗಾಲಯ ಮಾಡಿನೋಡುವುದು ಕಡ್ಡಾಯವಾಗಬೇಕೇ?

ಪರ

ಈ ಪದ್ಧತಿ ಹೊಸದೇನಲ್ಲ. 1921ರಿಂದ ಹೊರಬರುತ್ತಿರುವ ‘ಆರ್ಗ್ಯಾನಿಕ್ ಸಿಂಥೆಸೀಸ್’ನಲ್ಲಿ ಸಂಪಾದಕ ಮಂಡಳಿಯ ಸದಸ್ಯರೊಬ್ಬರ ಪ್ರಯೋಗಾಲಯ ಮಾಡಿನೋಡದ ವಿಧಾನ ಅಚ್ಚಾಗುವುದಿಲ್ಲ. ಸಂವೇದಕದ ಪರೀಕ್ಷೆ ಅದಕ್ಕಿಂತ ಹಗುರ: ಲೇಖಕರು ಕಳಿಸಿದ ಕೆಲವು ಮಿಲಿಗ್ರಾಂ ಪುಡಿ, ಲವಣಗಳ ದ್ರಾವಣ, ಪ್ರತಿದೀಪ್ತಿ ಅಳೆಯುವ ಯಂತ್ರ ಇದ್ದರೆ ಸಾಕು.

ಬಯಲಾಗುವ ದೋಷಗಳು ಕಡಿಮೆಯಲ್ಲ. ಶಿಫ್ ಬೇಸ್ ಜಾತಿಯ ಸಂವೇದಕಗಳಲ್ಲಿ ಹಲವು ನೀರು ಸೋಕಿದರೆ ನಿಧಾನವಾಗಿ ಒಡೆಯುತ್ತವೆ. ನಿನ್ನೆಯ ದ್ರಾವಣಕ್ಕೂ ಇಂದಿನದಕ್ಕೂ ತಾಳೆಯಾಗದು. ಪತ್ತೆಯ ಕನಿಷ್ಠ ಮಿತಿಯ ಲೆಕ್ಕವಂತೂ ಬೇಕಾದಂತೆ ಬಗ್ಗುತ್ತದೆ. ಲೋಹ ಬೆರೆಸದ ದ್ರಾವಣದ ಅಳತೆಗಳಲ್ಲಿನ ಏರಿಳಿತವನ್ನು ಮೂರರಿಂದ ಗುಣಿಸಿ, ಅಳತೆರೇಖೆಯ ಇಳಿಜಾರಿನಿಂದ ಭಾಗಿಸಿದರೆ ಬರುವುದೇ ಆ ಮಿತಿ. ದ್ರಾವಣ ತುಂಬಿದ ಒಂದೇ ಅಳತೆಪಾತ್ರೆಯನ್ನು (ಕ್ಯುವೆಟ್) ಅಲ್ಲಾಡಿಸದೆ ಮತ್ತೆಮತ್ತೆ ಅಳೆದರೆ ಏರಿಳಿತ ಎಲ್ಲಿಂದ ಬಂದೀತು? ಕುಡಿಯುವ ನೀರಿನಲ್ಲಿ ಸೀಸಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಸುಮಾರು 48 ನ್ಯಾನೋಮೋಲಾರ್. ಅದಕ್ಕೂ ಕೆಳಗಿನ ಅಂಕಿಯನ್ನು ಹೇಳಿಕೊಳ್ಳುವವರ ಗಾಜಿನ ಸಾಮಾನನ್ನು ಆಮ್ಲದಲ್ಲಿ ತೊಳೆಯಲಾಗಿತ್ತೇ ಎಂಬುದನ್ನು ಎರಡನೆಯ ಪ್ರಯೋಗಾಲಯವೇ ಹೊರಗೆಡಹಬಲ್ಲದು.

ವಿರೋಧ

ಖರ್ಚು, ವಿಳಂಬದ ಆಕ್ಷೇಪ ಇದ್ದದ್ದೇ. ಅದಕ್ಕಿಂತ ಗಟ್ಟಿಯಾದ ವಾದ ಬೇರೆಯಿದೆ: ಈ ಕ್ಷೇತ್ರದ ಕೆಟ್ಟ ತಪ್ಪುಗಳು ಎಲ್ಲಿ ಮಾಡಿದರೂ ಅಚ್ಚುಕಟ್ಟಾಗಿ ಮರುಕಳಿಸುತ್ತವೆ.

ರೋಡಮೀನ್ ಬಣ್ಣದ ಸಂವೇದಕಗಳನ್ನೇ ನೋಡಬಹುದು. ಅಣುವಿನೊಳಗಿನ ಒಂದು ಉಂಗುರ ಮುಚ್ಚಿದ್ದಾಗ ಇವು ಬಣ್ಣರಹಿತ, ತೆರೆದಾಗ ಕಡುಗುಲಾಬಿ. ತಾಮ್ರ ಈ ಉಂಗುರ ತೆರೆಯುವುದನ್ನು ಆಂಥೊನಿ ಚಾರ್ನಿಕ್ ತಂಡ 1997ರಲ್ಲಿ ತೋರಿಸಿತು. ಆಮೇಲೆ ಮೂರು ವಿದ್ಯುದಂಶದ ಕಬ್ಬಿಣ, ಅಲ್ಯೂಮಿನಿಯಂ, ಕ್ರೋಮಿಯಂಗೂ ಇಂಥ ಅಣುಗಳು ಬಂದವು. ಈ ಮೂರರ ಲವಣಗಳು ನೀರಿಗೆ ಬಿದ್ದರೆ ನೀರೇ ಆಮ್ಲೀಯವಾಗುತ್ತದೆ. ಉಂಗುರ ತೆರೆಯಲು ಆಮ್ಲವೂ ಸಾಕು. ಆಮ್ಲೀಯತೆಯನ್ನು ಹಿಡಿತದಲ್ಲಿಡುವ ಬಫರ್ ಇಲ್ಲದಿದ್ದರೆ ಆಮ್ಲದ ಪ್ರೋಟಾನು ಮಾಡಿದ ಕೆಲಸದ ಕೀರ್ತಿ ಲೋಹಕ್ಕೆ ಹೋಗುತ್ತದೆ, ಬೆಂಗಳೂರಿನಲ್ಲಾಗಲಿ ಬೀಜಿಂಗ್‌ನಲ್ಲಾಗಲಿ ಗುಲಾಬಿ ಬಣ್ಣ ಬಂದೇ ಬರುತ್ತದೆ. ಇಲ್ಲಿ ಬೇಕಿರುವುದು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಹಾಕಿ ನೋಡುವ ಹೋಲಿಕೆ ಪ್ರಯೋಗ. ಹಾಗೆಯೇ, ಪ್ರಚೋದಕ ಅತಿನೇರಳೆ ಬೆಳಕನ್ನು ಕಬ್ಬಿಣವೇ ಹೀರಿಕೊಂಡು ಹೊಳಪು ಕುಗ್ಗಿದರೆ ಅದು ಬಂಧನವಲ್ಲ. ಅದೂ ಎಲ್ಲೆಡೆ ಕುಗ್ಗುತ್ತದೆ.

ಮುಖ್ಯವಾದದ್ದು ಮರುಪ್ರಯೋಗವಲ್ಲ, ಪ್ರಯೋಗದ ವಿನ್ಯಾಸ ಎಂಬುದರ ಕಡೆಗೇ ಬಳಕೆಯಲ್ಲಿ ನಿಂತ ಸಂವೇದಕವೊಂದರ ಚರಿತ್ರೆಯೂ ಬೊಟ್ಟು ಮಾಡುತ್ತದೆ. ರೋಜರ್ ತ್ಸಿಯೆನ್ ತಂಡ 1985ರಲ್ಲಿ ವಿವರಿಸಿದ ಕ್ಯಾಲ್ಸಿಯಂ ಸಂವೇದಕ ಫ್ಯೂರಾ-2 ಯಾರ ಕಡ್ಡಾಯವೂ ಇಲ್ಲದೆ ಜೀವವಿಜ್ಞಾನದ ಪ್ರಯೋಗಾಲಯಗಳಿಗೆ ಹಬ್ಬಿತು. ಅದನ್ನು 340 ಮತ್ತು 380 ನ್ಯಾನೋಮೀಟರ್ ಬೆಳಕಿನಲ್ಲಿ ಪ್ರಚೋದಿಸಿ ಎರಡರ ಅನುಪಾತ ತೆಗೆಯುತ್ತಾರೆ. ಬಣ್ಣದ ಪ್ರಮಾಣ, ಕೋಶದ ದಪ್ಪ ಹೆಚ್ಚುಕಡಿಮೆಯಾದರೂ ಅನುಪಾತದಲ್ಲಿ ವಜಾ ಆಗುತ್ತದೆ. ಆ ಅನುಪಾತವನ್ನು ಕ್ಯಾಲ್ಸಿಯಂ ಸಾಂದ್ರತೆಯಾಗಿಸುವ ಸೂತ್ರವೂ ಅದೇ ಪ್ರಬಂಧದಲ್ಲಿತ್ತು.