ನಿಯಮವೂ ವಿವೇಕವೂ



ಈ ಬಾರಿಯ ಅಂಕಣವನ್ನು ಒಂದು ಕತ್ತಲೆಯ ರಾತ್ರಿಯಿಂದ ಆರಂಭಿಸುತ್ತೇನೆ. 2011ರ ಸೆಪ್ಟೆಂಬರ್ 8ರಂದು ಲಾಸ್ ಏಂಜಲೀಸಿನ ನಮ್ಮ ಮನೆಯಲ್ಲಿ ದೀಪಗಳು ಎಂದಿನಂತೆ ಉರಿಯುತ್ತಿದ್ದವು. ಸ್ಯಾನ್ ಡಿಯಾಗೋದಲ್ಲಿದ್ದ ತಂಗಿಯ ಮನೆಯಲ್ಲಿ ವಿದ್ಯುತ್ ಇರಲಿಲ್ಲ. ಆಮ್ಲಜನಕದ ಯಂತ್ರವನ್ನು ಅವಲಂಬಿಸಿದ್ದ ನಮ್ಮ ತಾಯಿಯವರು ಆಗ ಅವಳ ಬಳಿಯಲ್ಲಿದ್ದರು. ದೂರವಾಣಿ ಸಿಗಲಿಲ್ಲ. ವಿದ್ಯುತ್ ಎಂಜಿನಿಯರನಾದ ನಾನು ಕಾರು ಹತ್ತಿ ದಕ್ಷಿಣಕ್ಕೆ ಹೊರಟೆ. ನನ್ನ ವಿದ್ಯೆಯಿಂದ ಅಂದು ಬೇರಾವ ಉಪಯೋಗವೂ ಇರಲಿಲ್ಲ.

ನಡೆದದ್ದಿಷ್ಟು. ಅರಿಜೋನದ ಯೂಮಾ ಬಳಿಯ ನಾರ್ತ್ ಗೀಲಾ ಉಪಕೇಂದ್ರದಲ್ಲಿ ತಂತ್ರಜ್ಞರೊಬ್ಬರು ಕೆಲಸದ ಒಂದು ಹಂತವನ್ನು ಬಿಟ್ಟುಬಿಟ್ಟರು. 500 ಕಿಲೋವೋಲ್ಟಿನ ಮಾರ್ಗ ಸ್ಥಗಿತಗೊಂಡು, ಅದರ ಹೊರೆ ಉಳಿದ ಮಾರ್ಗಗಳ ಮೇಲೆ ಬಿದ್ದಿತು. ಲಾಸ್ ಏಂಜಲೀಸಿನ ಕಡೆಯಿಂದ ಸ್ಯಾನ್ ಒನೋಫ್ರೆಯ ಮೂಲಕ ದಕ್ಷಿಣಕ್ಕೆ ಹರಿಯುತ್ತಿದ್ದ ಪ್ರವಾಹ 8,000 ಆಂಪಿಯರ್ ಮೀರಿದೊಡನೆ, ಅಲ್ಲಿನ ಸ್ವಯಂಚಾಲಿತ ವ್ಯವಸ್ಥೆ ಉತ್ತರದ ಕೊಂಡಿಯನ್ನು ಕಡಿಯಿತು. 11 ನಿಮಿಷಗಳಲ್ಲಿ ಸುಮಾರು 27 ಲಕ್ಷ ಗ್ರಾಹಕರು ವಿದ್ಯುತ್ ಕಳೆದುಕೊಂಡರು. ಆ ಯಂತ್ರ ತಪ್ಪಲಿಲ್ಲ. ತನಗೆ ವಿಧಿಸಿದ ನಿಯಮವನ್ನು ಪಾಲಿಸಿತು. ಅದರ ಪರಿಣಾಮವನ್ನು ಮೊದಲೇ ಸಾಕಷ್ಟು ಅಧ್ಯಯನ ಮಾಡಿರಲಿಲ್ಲವೆಂದು 2012ರ ತನಿಖಾ ವರದಿ ಹೇಳಿತು.

'ಹೀಗಿದ್ದರೆ ಹೀಗೆ ಮಾಡು' ಎಂಬ ನಿಯಮಗಳಿಂದಲೇ ಪರಿಣತ ವ್ಯವಸ್ಥೆಗಳೂ ರೂಪುಗೊಂಡವು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ಮೈಸಿನ್ ಎಂಬ ಗಣಕಕ್ರಮ ರಕ್ತದ ಸೋಂಕನ್ನು ಗುರುತಿಸಲು ನೂರಾರು ನಿಯಮಗಳನ್ನು ಬಳಸಿತು. ಮುಂದೆ ನಾಸಾದ ಲೂಯಿಸ್ ಕೇಂದ್ರ, ಬಾಹ್ಯಾಕಾಶ ನಿಲ್ದಾಣದ ವಿದ್ಯುತ್ ವಿತರಣೆಯ ದೋಷಗಳನ್ನು ಪತ್ತೆಹಚ್ಚಲು ಏಪೆಕ್ಸ್ ಎಂಬುದನ್ನು ರೂಪಿಸಿತು. ಒಂದೇ ಅಳತೆಯನ್ನು ನೋಡಿ ಕೊಂಡಿ ಕಡಿಯುವ ಯಂತ್ರಕ್ಕೂ ಇವಕ್ಕೂ ಅಂತರವಿದೆ: ಇವು ಹಲವು ಲಕ್ಷಣಗಳನ್ನು ತೂಗಿ, ಕಾರಣವನ್ನು ತರ್ಕಿಸುತ್ತವೆ. 'ಏಕೆ?' ಎಂದು ಕೇಳಿದರೆ ಮೈಸಿನ್ ತಾನು ಹಿಡಿದ ನಿಯಮವನ್ನು ತೋರಿಸುತ್ತಿತ್ತು. ಆದರೂ ಬರೆದವರಿಗೆ ಹೊಳೆಯದ ಸಂದರ್ಭ ಬಂದಾಗ ನಿಯಮವೂ ಮೂಕವೇ.

ನಾನು ತಲಪಿದಾಗ ತಾಯಿಯವರು ಮೇಣದ ಬತ್ತಿಯ ಬೆಳಕಿನಲ್ಲಿ ಕುಳಿತಿದ್ದರು. ತಂಗಿ ಮೊದಲೇ ತಂದಿರಿಸಿದ್ದ ಆಮ್ಲಜನಕದ ಸಿಲಿಂಡರು ಕೈಹಿಡಿದಿತ್ತು. ಅದು ಅವರದೇ ಹಟದಿಂದ ಬಂದದ್ದು. "ಊರಲ್ಲಿ ಕರೆಂಟು ಇರಲಿ ಬಿಡಲಿ, ಹೊತ್ತು ಮುಳುಗುವ ಮುಂಚೆ ಲಾಟೀನಿನ ಗಾಜು ಒರೆಸಿಡ್ತಿರಲಿಲ್ಲವೇನೋ ಮಗು?" ಎಂದರು.

ಹಿರಿಯರನ್ನು ಕರೆಸಿಕೊಂಡಿರುವ ಬಂಧುಗಳೇ, ಊರಿಗೆ ಮರಳಿದ ಮೇಲೆ ನಿಮ್ಮ ಮನೆಗೂ ಅಂಥದೊಂದು ನಿಯಮವನ್ನು ಬರೆದುಕೊಳ್ಳಿ.